ಏನು ನಿಂತಿದೆ, ಪೂರ್ತಿ ಬರಿ

ಜೂನ್ ೧೧

ಅಮ್ಮ,

ಪಾರ್ಸೆಲ್ ಬಂತು. ಒಳಗೆ ನನ್ನದೊಂದು ಟವೆಲ್, ಮೂರು ಬಣ್ಣದ ಮೂರು ಸಾಕ್ಸ್, ಮತ್ತು ನಿಮ್ಮ ಹೋಟೆಲಿನ ಮುದ್ರೆ ಒತ್ತಿದ ಒಂದು ದಿಂಬಿನ ಕವರ್ ಇತ್ತು. ನಾನು ಕೇಳಿದ್ದು ಎರಡು ಬಿಳಿ ಶರ್ಟು. ನನ್ನ ರೂಮ್‌ಮೇಟ್ ಆ ಕವರನ್ನು ಬಾವುಟದ ಹಾಗೆ ಎತ್ತಿ ಹಿಡಿದು, "ನಿಮ್ಮಮ್ಮ ಕದ್ದ ಮಾಲನ್ನ ಹಾಸ್ಟೆಲಿಗೆ ಸಾಗಿಸ್ತಾರಾ?" ಅಂದಳು. ಇವಳಿಗೆ ನಾವಿಟ್ಟ ಹೆಸರು ಕಹಳೆ, ಮಲಗಿದರೂ ಬಾಯಿ ಮುಚ್ಚುವವಳಲ್ಲ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಇನ್ನೂ ಜಾಸ್ತಿ ನಗುತ್ತಾರೆ.

ನೀನು ಲಾಂಡ್ರಿಯ ಸೂಪರ್‌ವೈಸರ್. ದಿನಕ್ಕೆ ಎಂಟುನೂರು ಬೆಡ್‌ಶೀಟ್ ಎಣಿಸಿ ಕಳಿಸುವವಳು. ಮನೆಯಲ್ಲಿ ಒಂದು ಕರ್ಚೀಫ್ ಕಾಣದಿದ್ದರೆ ಮಂಚ ಎತ್ತಿಸುತ್ತಿದ್ದವಳು. ಏನಾಗಿದೆ ನಿನಗೆ?

ಭಾನುವಾರದ ಫೋನಿನ ಕಥೆಯೂ ಅಷ್ಟೇ. ನಮ್ಮ ಫೋನುಗಳು ವಾರ್ಡನ್ನಿನ ಬೀರುವಿನಲ್ಲಿವೆ. ವಾರಕ್ಕೊಮ್ಮೆ ಎಂಟು ನಿಮಿಷ, ಅದೂ ಸ್ಪೀಕರ್ ಹಾಕಿ, ಅವಳ ಎದುರಿಗೆ. ಆ ಎಂಟು ನಿಮಿಷದಲ್ಲಿ, ನಾನು ಏನು ಓದುತ್ತಿದ್ದೇನೆಂದು ನೀನು ಎರಡು ಸಲ ಕೇಳಿದೆ. ಕಾನೂನು, ಅಮ್ಮ. ಕಾನೂನು, ಮೊದಲ ವರ್ಷ. ಆಮೇಲೆ "ಯಾರಾದ್ರೂ ಆ ಕಿಟಕಿ ತೆಗೀರೋ!" ಅಂತ ಯಾರ ಮೇಲೋ ಕಿರುಚಿ ಫೋನಿಟ್ಟೆ. ವಾರ್ಡನ್ ನನ್ನ ಮುಖ ನೋಡಿ, "ನಿಮ್ಮಮ್ಮಂಗೆ ಮಗಳಿಗಿಂತ ಕಿಟಕಿ ಮುಖ್ಯ" ಅಂದಳು.

ಹೇಳುವುದು ಯಾರು! ವರಾಂಡದ ಒಂದೇ ಒಂದು ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಂಡು, ಹಾಜರಿ ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತ, ಸ್ವೆಟರ್ ತೊಡುವುದು, ಬಿಚ್ಚುವುದು, ಮತ್ತೆ ತೊಡುವುದು. ನಾವು ಅವಳನ್ನು ಕುಕ್ಕರ್ ಅನ್ನುತ್ತೇವೆ. ಯಾವಾಗ ಸೀಟಿ ಹೊಡೆಯುತ್ತಾಳೆಂದು ದೇವರಿಗೂ ಗೊತ್ತಿಲ್ಲ.

ವಿಷಯ ಏನಂತ ಬರಿ. ನಾನೇನು ಚಿಕ್ಕ ಮಗುವಲ್ಲ.

ಕಡ್ಡಿ


ಜೂನ್ ೧೯

ಕಡ್ಡಿಗೆ,

ಶರ್ಟು ಕಳಿಸಿದ್ದೇನೆ. ದಿಂಬಿನ ಕವರ್ ವಾಪಸ್ ಕಳಿಸು, ಎಣಿಕೆಗೆ ಒಂದು ಕಮ್ಮಿ ಬರುತ್ತಿದೆ.

ಕೇಳಿದ್ದೀಯ, ಹೇಳುತ್ತೇನೆ. ನನಗೆ ಏಳು ತಿಂಗಳಿಂದ ನಿಂತಿದೆ. ಮೊದಮೊದಲು ಕೆಲಸದ ಗಡಿಬಿಡಿ ಅಂದುಕೊಂಡೆ. ಆಮೇಲೆ ಹೊಟ್ಟೆ ಉಬ್ಬರ, ಮೈಯೆಲ್ಲ ಬಿಸಿ, ನಿದ್ದೆಯಿಲ್ಲ, ಯಾರು ಮಾತಾಡಿಸಿದರೂ ಅಳು. ಡಾಕ್ಟರಿಗೆ ತೋರಿಸಿದೆ. ನಿನ್ನಪ್ಪನಿಗೆ ಹೇಳಿಲ್ಲ, ನೀನೂ ಹೇಳಬೇಡ. ಹಡಗಿನ ಅಡುಗೆಮನೆಯಲ್ಲಿ ನಿಂತು ಅವನಾದರೂ ಏನು ಮಾಡಿಯಾನು? ಇಲ್ಲಿ ಸ್ಟೋರಿನವರು, ಪಾಪ, ನನ್ನ ಕೈಲಿ ಭಾರ ಎತ್ತಿಸುವುದಿಲ್ಲ, ಟ್ರಾಲಿ ತಾವೇ ತಳ್ಳಿಕೊಡುತ್ತಾರೆ.

ಫೋನಿನಲ್ಲಿ ಈ ಮಾತು ಎತ್ತಬೇಡ. ನಿನ್ನ ವಾರ್ಡನ್ನಿಗೆ ಕಿವಿ ದೊಡ್ಡದು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಮ್ಮ


ಜೂನ್ ೨೬

ಮೇಲೆ "ಅಮ್ಮ" ಅಂತ ಬರೆದು ಎರಡು ಸಲ ಹೊಡೆದು ಹಾಕಿದ್ದೇನೆ, ಕಾಣಿಸುತ್ತಿದೆಯಾ?

ನಿನಗೆ ನಿಂತು ಏಳು ತಿಂಗಳು. ಅಪ್ಪ ಹಡಗು ಹತ್ತಿ ಹನ್ನೊಂದು ತಿಂಗಳು. ಬೆರಳು ಮಡಚಿ ಎಣಿಸಿದೆ, ಕ್ಯಾಲೆಂಡರ್ ಇಟ್ಟುಕೊಂಡು ಎಣಿಸಿದೆ. ನಮಗೆ ಮೊದಲ ವಾರವೇ ಕಲಿಸಿದ್ದಾರೆ: ಸಾಕ್ಷಿ ಸುಳ್ಳು ಹೇಳಬಹುದು, ತಾರೀಕು ಹೇಳುವುದಿಲ್ಲ.

ಸ್ಟೋರಿನವರು, ಪಾಪ! ಟ್ರಾಲಿ ತಳ್ಳಿಕೊಡುತ್ತಾರೆ, ಪಾಪ! ಎಷ್ಟು ಸಲೀಸಾಗಿ ಬರೆದಿದ್ದೀಯ. ಹೊಟ್ಟೆ ಉಬ್ಬರವಂತೆ. ಏಳು ತಿಂಗಳಿಗೆ ಉಬ್ಬದೆ ಇನ್ನೇನು ಮಾಡುತ್ತದೆ?

ಸ್ಕೂಲಿನ ಹಾಸ್ಟೆಲಿನಲ್ಲಿ ಒಬ್ಬ ಸೀನಿಯರಿಗೆ "ನಿಂತಿದೆ" ಅಂತ ಗುಸುಗುಸು ಎದ್ದಿತ್ತು. ಅದೇ ವಾರ ಟ್ರಂಕ್ ಸಮೇತ ಮನೆಗೆ ಕಳಿಸಿದರು. ಅವಳಿಗೆ ಹದಿನೇಳು, ನಿನಗೆ ಮೂವತ್ತೆಂಟು. ಅವಳಿಗಾದರೂ ತಲೆ ತಗ್ಗಿಸುವಷ್ಟು ನಾಚಿಕೆ ಇತ್ತು.

ನನ್ನನ್ನು ಐದನೇ ಕ್ಲಾಸಿಗೇ ಹಾಸ್ಟೆಲಿಗೆ ಹಾಕಿದೆ. "ಶಿಫ್ಟ್ ಕೆಲಸ, ಮಗು ನೋಡ್ಕೊಳ್ಳೋಕಾಗಲ್ಲ" ಅಂದೆ. ಈಗ ಬರುವುದನ್ನು ಯಾವ ಹಾಸ್ಟೆಲಿಗೆ ಹಾಕುತ್ತೀಯ? ಹೇಳಿದರೆ ಒಂದು ಮಂಚ ಹಿಡಿದಿಡುತ್ತೇನೆ.

ಇನ್ನು ನನಗೆ ಕಾಗದ ಬರೆಯಬೇಡ.


ಜುಲೈ ೪

ಮಾನ್ಯ ನ್ಯಾಯಾಧೀಶರ ಸನ್ನಿಧಿಗೆ,

ತಮ್ಮ ತೀರ್ಪು ತಲುಪಿತು. ಕಾಲೇಜು ಸೇರಿ ತಿಂಗಳಾಗುವುದರೊಳಗೆ ತಾವು ಹೆತ್ತವಳನ್ನು ಕಟಕಟೆ ಹತ್ತಿಸಿದ್ದೀರಿ. ತಮ್ಮ ಪ್ರತಿಭೆಗೆ ಮೆಚ್ಚಿದೆ.

ತಮಗೆ ಹಾಸ್ಟೆಲಿನಲ್ಲಿ ಮೂರು ಭಾಷೆ ಕಲಿಸಿದರು. ಮೂರರಲ್ಲೂ ಹೆಂಗಸರ ಮಾತು ಕಲಿಸಲಿಲ್ಲ ಅಂತ ಕಾಣುತ್ತದೆ. "ನಿಂತಿದೆ" ಅಂದರೆ ಬಸಿರೊಂದೇ ಅಲ್ಲ, ತಾಯಿ. ಮುಗಿದು ಹೋದರೂ ನಿಲ್ಲುತ್ತದೆ. ನನಗೆ ಮುಟ್ಟು ನಿಂತಿದೆ. ಐವತ್ತರ ಹತ್ತಿರ ನಿಲ್ಲಬೇಕಾದದ್ದು ಮೂವತ್ತೆಂಟಕ್ಕೇ ನಿಂತಿದೆ. ಒಂದೂವರೆ ತಿಂಗಳ ಅಂತರದಲ್ಲಿ ಎರಡು ಸಲ ರಕ್ತ ಪರೀಕ್ಷೆ ಮಾಡಿ ಹೇಳಿದ್ದಾರೆ. ಅಂಡಾಶಯ ಕೆಲಸ ಬಿಟ್ಟಿದೆಯಂತೆ. ರಾಜೀನಾಮೆ ಕೊಡದೆ, ನೋಟಿಸ್ ಇಲ್ಲದೆ.

ಹೇಳಿದ ಡಾಕ್ಟರೂ ತಮ್ಮಷ್ಟೇ ಜಾಣ. ರಿಪೋರ್ಟಿನಿಂದ ತಲೆ ಎತ್ತದೆ, "ಒಬ್ಳು ಮಗ್ಳಿದಾಳಲ್ವಾ? ಮತ್ತೇನ್ ಬೇಕು? ತಿಂಗ್ಳಾ ತಿಂಗ್ಳಾ ರಗಳೆ ತಪ್ತು ಅಂತ ಖುಷಿಪಡಿ. ವಾಕಿಂಗ್ ಮಾಡಿ, ಟೆನ್ಷನ್ ಬೇಡ" ಅಂದ. ದಿನಕ್ಕೆ ಹತ್ತು ಗಂಟೆ ಹಬೆ ಯಂತ್ರದ ಸುತ್ತ ತಿರುಗುವವಳಿಗೆ ವಾಕಿಂಗ್! ಅಲ್ಲಿ ನನಗೊಂದು ಅನುಕೂಲವೂ ಇದೆ ಅನ್ನಿ. ಎಲ್ಲರೂ ಬೆವರುತ್ತಾರೆ, ನನ್ನ ಬೆವರು ಯಾವುದು ಅಂತ ಯಾರೂ ಕೇಳುವುದಿಲ್ಲ. ಟೆನ್ಷನ್ ಬೇಡ ಅಂದದ್ದಕ್ಕೆ ಮಾರನೇ ವಾರ ತಮ್ಮ ಕಾಗದ ಬಂತು.

ಸ್ಟೋರಿನವರಿಗೆ ಅರವತ್ತು ದಾಟಿದೆ. ಸೋಪಿನ ಪುಡಿಯ ಮೇಲೆ ಇರುವ ಪ್ರೀತಿ ಅವರಿಗೆ ಲೋಕದ ಇನ್ಯಾವ ಜೀವಿಯ ಮೇಲೂ ಇಲ್ಲ. ನಾನು ತಳ್ಳಿದರೆ ಪುಡಿ ಚೆಲ್ಲುತ್ತದೆ ಅಂತ ಟ್ರಾಲಿ ತಾವೇ ತಳ್ಳುತ್ತಾರೆ.

ಐದನೇ ಕ್ಲಾಸಿನ ಮಾತಿಗೆ ನಾನು ಉತ್ತರ ಕೊಡುವುದಿಲ್ಲ.

ದಿಂಬಿನ ಕವರ್ ಇನ್ನೂ ಬಂದಿಲ್ಲ.

ಇತಿ ತಮ್ಮ ವಿಧೇಯ ಆರೋಪಿ


ಜುಲೈ ೯

ಅಮ್ಮ,

ಕವರ್ ಕಳಿಸಿದ್ದೇನೆ. ನಾನೇ ಒಗೆದೆ. ಇಸ್ತ್ರಿ ಕೆಟ್ಟದಾಗಿದೆ, ನೋಡಬೇಡ.

ಭಾನುವಾರ ಎಂಟು ನಿಮಿಷವೂ ನಿನ್ನ ಫೋನ್ ರಿಂಗ್ ಆಗುತ್ತಲೇ ಇತ್ತು. ನೀನು ಎತ್ತಲಿಲ್ಲ. ನನ್ನ ಹಿಂದೆ ಹನ್ನೊಂದು ಹುಡುಗಿಯರು ಸಾಲಿನಲ್ಲಿದ್ದರು. ಕುಕ್ಕರ್ ಕೂಡ ಏನೂ ಅನ್ನಲಿಲ್ಲ. ಅದೇ ಹೆಚ್ಚು ಅವಮಾನ.

ಕಡ್ಡಿ


ಜುಲೈ ೨೪

ಅಮ್ಮ,

ಹದಿನೈದು ದಿನವಾಯಿತು, ನಿನ್ನ ಒಂದು ಸಾಲಿಲ್ಲ. "ತಾವು" ಅಂತಲಾದರೂ ಬೈದು ಬರಿ.

ಪಕ್ಕದ ನರ್ಸಿಂಗ್ ಕಾಲೇಜಿನ ಲೈಬ್ರರಿಗೆ ಹೋಗಿದ್ದೆ. ಅಲ್ಲಿಯ ಮುದುಕ ನನ್ನ ಕಾರ್ಡು ನೋಡಿ, "ಲಾ ಓದೋರಿಗೆ ಹೆಂಗಸರ ಕಾಯಿಲೆ ಪುಸ್ತಕ ಯಾಕಮ್ಮಾ?" ಅಂದ. "ಕೇಸಿದೆ ಸರ್" ಅಂದೆ. "ಯಾರ ಮೇಲೆ?" ಅಂದ. "ನನ್ನ ಮೇಲೇ" ಅಂದೆ. ಕೊಟ್ಟ.

ಮೂರು ದಿನ ಕೂತು ಓದಿದೆ. ನಿನ್ನ ವಾಕಿಂಗ್ ಡಾಕ್ಟರ್ ಈ ಪುಸ್ತಕವನ್ನು ದಿಂಬಾಗಿ ಕೂಡ ಬಳಸಿಲ್ಲ. ನಲವತ್ತಕ್ಕೆ ಮೊದಲು ನಿಂತರೆ ಅದು ಐವತ್ತಕ್ಕೆ ನಿಂತ ಹಾಗಲ್ಲವಂತೆ. ಮೈಗೆ ಇನ್ನೂ ಹತ್ತು ಹನ್ನೆರಡು ವರ್ಷ ಸಿಗಬೇಕಾದ ಹಾರ್ಮೋನು ಸಿಗದೆ ಮೂಳೆ ಸವೆಯುತ್ತದೆ, ಹೃದಯಕ್ಕೂ ಒಳ್ಳೆಯದಲ್ಲ. ಬೇರೆ ತೊಂದರೆ ಇಲ್ಲದವರಿಗೆ ಅದನ್ನು ಔಷಧಿಯಾಗಿ, ಸುಮಾರು ಐವತ್ತರವರೆಗೆ, ಕೊಡಲೇಬೇಕಂತೆ. ಮಾತ್ರೆ ಇದೆ, ಮೈಗೆ ಅಂಟಿಸುವ ಪಟ್ಟಿ ಇದೆ, ಹಚ್ಚಿಕೊಳ್ಳುವ ಜೆಲ್ ಇದೆ. ಒಂದು ಒಗ್ಗದಿದ್ದರೆ ಇನ್ನೊಂದು. ಬೇರೆ ಡಾಕ್ಟರಿಗೆ ತೋರಿಸು. ಕಾಲು ಹಿಡಿದು ಕೇಳುತ್ತೇನೆ.

ಈ ಕೆಳಗೆ ಒಂದು ಸಾಲು ಬರೆದು ಗೀಚಿ ಹಾಕಿದ್ದೇನೆ. ಅದನ್ನು ಓದಲು ಹೋಗಬೇಡ.

ಕಡ್ಡಿ


ಆಗಸ್ಟ್ ೨೯

ಕಡ್ಡಿಗೆ,

ಬೇರೆ ಡಾಕ್ಟರಿಗೆ ತೋರಿಸಿದೆ. ಕಾಲು ಹಿಡಿದೆ ಅಂತಲ್ಲ, ನಿನ್ನ ಕಾಟಕ್ಕೆ. ಈಕೆ ಹೆಂಗಸು. ಅರ್ಧ ಗಂಟೆ ಪ್ರಶ್ನೆ ಕೇಳಿದರು, ಬಿ.ಪಿ. ನೋಡಿದರು, ಎದೆ ಪರೀಕ್ಷೆ ಮಾಡಿದರು. ವಾಕಿಂಗ್ ಕಥೆ ಹೇಳಿದೆ. "ಕಣ್ಣಿಗೆ ಪೊರೆ ಬಂದೋರಿಗೂ ಅವ್ರು ವಾಕಿಂಗೇ ಹೇಳ್ತಾರಾ?" ಅಂದರು. ಆಗಲೇ ನನ್ನ ಅರ್ಧ ಕಾಯಿಲೆ ಇಳಿಯಿತು.

ಉಳಿದರ್ಧಕ್ಕೆ ಮಾತ್ರೆ ಕೊಟ್ಟರು. ಮೂರು ವಾರ ನುಂಗಿದೆ. ಬಿಸಿ ಕಮ್ಮಿಯಾಯಿತು, ತಲೆನೋವು ಶುರುವಾಯಿತು. ಎಂಥ ತಲೆನೋವು! ಇಸ್ತ್ರಿಯ ರೋಲರಿನೊಳಗೆ ಬೆಡ್‌ಶೀಟ್ ಹೋಗುತ್ತದಲ್ಲ, ಹಾಗೆ ತಲೆ ಒಳಗೆ ಹೋಗಿ ಚಪ್ಪಟೆಯಾಗಿ ಹೊರಗೆ ಬಂದಂತೆ. ಮತ್ತೆ ಹೋದೆ. ಈಗ ಪಟ್ಟಿ ಕೊಟ್ಟಿದ್ದಾರೆ. ಸೊಂಟದ ಕೆಳಗೆ ಅಂಟಿಸಿಕೊಂಡು ವಾರಕ್ಕೆರಡು ಸಲ ಬದಲಾಯಿಸಬೇಕು. ಜೊತೆಗೆ ಗರ್ಭಕೋಶದ ರಕ್ಷಣೆಗೆ ರಾತ್ರಿಗೊಂದು ಬೇರೆ ಮಾತ್ರೆ.

ನೀನು ಗೀಚಿ ಹಾಕಿದ ಸಾಲು ಓದಿದೆ. ಬದುಕೆಲ್ಲ ಕಲೆ ತೆಗೆದವಳಿಗೆ ಶಾಯಿ ಯಾವ ಲೆಕ್ಕ? "ನನಗೂ ಹೀಗಾಗುತ್ತದಾ?" ಅಂತ ಕೇಳಿದ್ದೀಯ. ಅದಕ್ಕೆ ಉತ್ತರ ಈಗ ಬರೆಯಲು ಮನಸ್ಸಿಲ್ಲ.

ಅಮ್ಮ


ಸೆಪ್ಟೆಂಬರ್ ೨೦

ಕಡ್ಡಿಗೆ,

ನಿನಗೊಂದು ತಮಾಷೆ ಹೇಳುತ್ತೇನೆ. ಆ ಪಟ್ಟಿ ಹಬೆಗೂ ಬೆವರಿಗೂ ತಡೆಯದೆ ಮೈ ಬಿಟ್ಟು ಜಾರಿದೆ, ನನಗೆ ಗೊತ್ತಿಲ್ಲ. ಜಾರಿದ್ದು ಎಲ್ಲಿಗೆ ಹೋಯಿತು? ಇಸ್ತ್ರಿಯಾದ ಬೆಡ್‌ಶೀಟಿಗೆ ಅಂಟಿ, ನಾಲ್ಕುನೂರ ಹನ್ನೆರಡನೇ ರೂಮಿಗೆ. ಅಲ್ಲಿಯ ದೊಡ್ಡ ಮನುಷ್ಯ ಮಲಗಿ ಎದ್ದಾಗ ಅವನ ಬೆನ್ನಿಗೆ ಅಂಟಿಕೊಂಡಿತ್ತು! ಸ್ವಲ್ಪ ಹಾರ್ಮೋನು ಅವನಿಗೂ ಹೋಗಿದ್ದರೆ ಒಳ್ಳೆಯದೇ, ಬುದ್ಧಿ ಬರುತ್ತಿತ್ತು.

ಮ್ಯಾನೇಜರ್ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಅದನ್ನು ಚಿಮಟದಲ್ಲಿ ಹಿಡಿದು, ಸತ್ತ ಜಿರಲೆ ತೋರಿಸುವ ಹಾಗೆ ತೋರಿಸಿದ. "ಏನಿದು? ಯಾರ್ದು?" ಅಂದ. ನನ್ನ ನಾಲಿಗೆ ಒಣಗಿತು. ಹರಿದ ಶೀಟು ಹೊಲಿಯುವ ಹೊಲಿಗೆ ಅಕ್ಕ ಇದ್ದಾಳಲ್ಲ, ಅವಳು ನನ್ನ ಮುಖ ನೋಡಿದಳು. "ನಂದೇ ಸಾರ್, ಬೆನ್ನುನೋವಿನ ಪಟ್ಟಿ" ಅಂದುಬಿಟ್ಟಳು. ನಾನು ಉಳಿದೆ. ಅಕ್ಕನನ್ನು ನೆಲಮಾಳಿಗೆಗೆ, ಕೊಳೆ ಬಟ್ಟೆ ವಿಂಗಡಿಸಲು ಹಾಕಿದ್ದಾರೆ. ಸ್ವಲ್ಪ ದಿನ ಅಷ್ಟೇ ಅಂತ ಕಾಣುತ್ತದೆ.

ಪಟ್ಟಿಯನ್ನೂ ಬಿಟ್ಟೆ, ಡಾಕ್ಟರನ್ನೂ ಬಿಟ್ಟೆ. ಇಷ್ಟು ದಿನ ಹೇಗೋ ನಡೆಯಿತು, ಮುಂದೂ ನಡೆಯುತ್ತದೆ.

ಅಮ್ಮ


ಸೆಪ್ಟೆಂಬರ್ ೨೭

ಅಮ್ಮ,

ನಿನ್ನ ತಮಾಷೆ ಓದಿದೆ. ನಗು ಎಲ್ಲಿ ಬರುತ್ತದೆಂದು ಗುರುತು ಹಾಕಿ ಕಳಿಸಿದ್ದರೆ ಅನುಕೂಲವಾಗುತ್ತಿತ್ತು.

ಜೂನ್‌ನಲ್ಲಿ ನಿನಗೆ ನಾಚಿಕೆಯಿಲ್ಲ ಅಂತ ಬರೆದಿದ್ದೆ. ತಪ್ಪು ಕೇಸಿಗೆ ಬರೆದಿದ್ದೆ. ಈಗ ಸರಿಯಾದ ಕೇಸು ಸಿಕ್ಕಿದೆ. ಪಟ್ಟಿ ನಿನ್ನದು, ಕೊಳೆ ಅಕ್ಕನಿಗೆ! ಇಪ್ಪತ್ತು ವರ್ಷದಿಂದ ಇನ್ನೊಬ್ಬರ ಕಲೆ ತೆಗೆದು ಬದುಕಿದವಳು, ನಿನ್ನ ಕಲೆಯನ್ನು ಐವತ್ತೈದು ವರ್ಷದ ಹೆಂಗಸಿನ ಸೆರಗಿಗೆ ಒರೆಸಿದೆ. "ಸ್ವಲ್ಪ ದಿನ ಅಷ್ಟೇ." ವಾಕಿಂಗ್ ಡಾಕ್ಟರನ ತಂಗಿಯಾ ನೀನು?

ಔಷಧಿ ಬಿಟ್ಟೆನೆಂದು ದೊಡ್ಡ ಸಾಧನೆಯ ಹಾಗೆ ಬರೆದಿದ್ದೀಯ. ಕೇಳು. ನನಗೆ ಈ ಸಲ ಹದಿನಾರು ದಿನ ತಡವಾಗಿದೆ. ಪರೀಕ್ಷೆಯ ಹೆದರಿಕೆ ಇರಬಹುದು, ಏನೂ ಇಲ್ಲದಿರಬಹುದು. ಆದರೂ ದಿನಾ ಬೆಳಿಗ್ಗೆ ಎದ್ದು ಕ್ಯಾಲೆಂಡರ್ ಮುಂದೆ ನಿಲ್ಲುತ್ತೇನೆ. ಕಹಳೆ, "ಯಾಕೇ, ದಿನಾ ಕೈಮುಗೀತೀಯಾ ಅದಕ್ಕೆ?" ಅನ್ನುತ್ತಾಳೆ. ನಾಳೆ ನನಗೂ ನಿನ್ನ ಹಾಗೇ ಆದರೆ ನಾನು ಯಾರನ್ನು ನೋಡಿ ಕಲಿಯಬೇಕು? ಸಾಲಿನಲ್ಲಿ ನಿಂತು ನಾಲಿಗೆ ಒಣಗಿಸಿಕೊಂಡವಳನ್ನಾ?

ಕಡ್ಡಿ


ನವೆಂಬರ್ ೨

ಕಡ್ಡಿಗೆ,

ನಿನ್ನ ಕಾಗದವನ್ನು ಹರಿದು ಹಾಕಿದೆ. ಆಮೇಲೆ ಅಂಟಿಸಿ ಇಟ್ಟೆ. ಮಾರನೇ ದಿನ ಮ್ಯಾನೇಜರ್ ರೂಮಿಗೆ ಹೋದೆ.

"ಸಾರ್, ಆ ಪಟ್ಟಿ ನಂದು."

"ಯಾವ ಪಟ್ಟಿ?"

"ನಾಲ್ಕುನೂರ ಹನ್ನೆರಡರದು."

"ನಿಮ್ಗೂ ಬೆನ್ನುನೋವಾ?"

"ಅಲ್ಲ ಸಾರ್. ನಂಗೆ ನಿಂತಿದೆ."

ಅವನು ಎದ್ದು ನಿಂತ. ಕುರ್ಚಿ ಎಳೆದುಕೊಟ್ಟ. "ಅಯ್ಯೋ, ಮೊದ್ಲೇ ಹೇಳ್ಬಾರ್ದಾ ಮೇಡಂ! ಕೂತ್ಕೊಳ್ಳಿ, ಕೂತ್ಕೊಳ್ಳಿ. ಕಂಗ್ರಾಚುಲೇಷನ್ಸ್! ಸ್ವೀಟ್ ಎಲ್ಲಿ?"

ಲೋಕದಲ್ಲಿ ನಿನ್ನಂಥ ಜಾಣರು ಇನ್ನೊಬ್ಬರಿದ್ದಾರೆ ಅಂತ ಗೊತ್ತಾದದ್ದು ಆಗಲೇ. "ಬಸಿರಲ್ಲ ಸಾರ್. ಮುಟ್ಟು ನಿಂತಿದೆ. ಅದಕ್ಕೆ ಪಟ್ಟಿ" ಅಂದೆ. ಆ ಪದ ಕೇಳಿದ್ದೇ ತಡ, ಮೇಜಿನ ಮೇಲಿನ ಫೈಲು ಎತ್ತಿ ಎದೆಗೆ ಅಡ್ಡ ಹಿಡಿದ, ನಾನೇನೋ ಕಲ್ಲು ಎಸೆಯುವವಳ ಹಾಗೆ. "ಇದೆಲ್ಲ ನನ್ ಹತ್ರ ಯಾಕ್ ಹೇಳ್ತೀರಾ?" ಅಂದ.

"ಅಕ್ಕನ್ನ ಮೇಲಕ್ಕೆ ಕರೆಸೋವರೆಗೂ ನಿಮ್ ಹತ್ರಾನೇ ಹೇಳ್ತೀನಿ ಸಾರ್. ಇನ್ನೂ ವಿವರ ಇದೆ, ಹೇಳ್ಲಾ?"

"ಬೇಡ ಬೇಡ ಬೇಡ!"

ಮಧ್ಯಾಹ್ನದೊಳಗೆ ಅಕ್ಕ ಮೇಲೆ ಬಂದಳು. ಕೈಹಿಡಿದು ತಪ್ಪಾಯಿತೆಂದೆ. "ಥೂ, ಕೆಳ್ಗೆ ತಣ್ಣಗಿತ್ತು ಕಣೇ. ಯಾರಿಗ್ ಬೇಕಿತ್ತು ನಿನ್ ಸತ್ಯ?" ಅಂದಳು. ಆದರೆ ಹೊಲಿಗೆ ಯಂತ್ರದ ಧೂಳು ಒರೆಸುವಾಗ ಹಾಡು ಗುನುಗುತ್ತಿದ್ದಳು. ನನ್ನ ಯಂತ್ರದ ಪಕ್ಕದ ಕಿಟಕಿ, ಬಣ್ಣ ಬಳಿದು ಮುಚ್ಚಿಹೋಗಿದ್ದದ್ದು, ಅದನ್ನೂ ಬಿಡಿಸಿಕೊಟ್ಟರು. ಮ್ಯಾನೇಜರ್ ಈಗ ನನ್ನನ್ನು ಕಂಡರೆ ಮೆಟ್ಟಿಲು ಬದಲಾಯಿಸುತ್ತಾನೆ. ಅವನಿಗೂ ವಾಕಿಂಗ್ ಆಗುತ್ತಿದೆ.

ಡಾಕ್ಟರಲ್ಲಿಗೆ ಮತ್ತೆ ಹೋದೆ. "ಪಟ್ಟಿ ಕೈ ಕೊಟ್ರೆ ನನ್ನೂ ಬಿಟ್ಬಿಡೋದಾ? ಲಾಂಡ್ರೀಲಿ ಕೆಲ್ಸ ಅಂತ ನೀವ್ ಹೇಳ್ಲಿಲ್ಲ, ನಾನ್ ಕೇಳ್ಲಿಲ್ಲ. ಇಬ್ರದ್ದೂ ತಪ್ಪು" ಅಂದರು. ಈಗ ಜೆಲ್. ಬೆಳಿಗ್ಗೆ ಸ್ನಾನ ಮಾಡಿ ತೊಡೆಗೆ ಹಚ್ಚಿ, ಐದು ನಿಮಿಷ ಒಣಗಲು ಬಿಟ್ಟು, ಕೈ ತೊಳೆದು, ಆಮೇಲೆ ಯೂನಿಫಾರ್ಮ್. ಜಾರುವುದಕ್ಕೆ ಏನೂ ಇಲ್ಲ. ರಾತ್ರಿಯ ಮಾತ್ರೆ ಹಾಗೇ ಇದೆ. ನಾಲ್ಕನೇ ವಾರ ಇದು. ತಲೆನೋವಿಲ್ಲ, ಬಿಸಿ ದಿನಕ್ಕೊಂದು ಸಲ ಬಂದು ಮುಖ ತೋರಿಸಿ ಹೋಗುತ್ತದೆ. ಎಣಿಕೆ ತಪ್ಪುತ್ತಿಲ್ಲ.

ನಿನ್ನಪ್ಪನಿಗೂ ಫೋ‌ನಿನಲ್ಲಿ ಹೇಳಿದೆ. "ನಿಂತಿದೆ ಕಣ್ರೀ" ಅಂದೆ. "ಮೆಕ್ಯಾನಿಕ್‌ನ ಕರೆಸು" ಅಂದ.

ಇನ್ನು ನಿನ್ನ ಗೀಚಿದ ಸಾಲು. ಆಗಬಹುದು, ಆಗದೆಯೂ ಇರಬಹುದು. ನಿನ್ನ ಅಜ್ಜಿಗೆ ಮೂವತ್ತಾರಕ್ಕೇ ನಿಂತಿತ್ತು. ಅವಳೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಒದ್ದೆ ಟವೆಲ್ ಕೊರಳಿಗೆ ಸುತ್ತಿಕೊಂಡು ಹಗಲೆಲ್ಲ ಬಚ್ಚಲ ಬಾಗಿಲಲ್ಲಿ ಕೂರುತ್ತಿದ್ದಳು. ನಾವು ಮಕ್ಕಳು ಅವಳಿಗೆ ಬಾಯ್ಲರ್ ಅಂತ ಹೆಸರಿಟ್ಟಿದ್ದೆವು. ಹೆಸರಿಟ್ಟವಳು ನಾನೇ. ಐವತ್ತೆರಡಕ್ಕೆ ಒಂದು ಸಣ್ಣ ಹೊಸ್ತಿಲು ಎಡವಿ ಸೊಂಟ ಮುರಿದುಕೊಂಡಾಗ, "ಕಣ್ಣೇನು ಹಿತ್ತಲಿಗೆ ಹೋಗಿತ್ತಾ?" ಅಂತ ಬೈದವಳೂ ನಾನೇ. ಅವಳು ಮತ್ತೆ ನೆಟ್ಟಗೆ ನಡೆಯಲಿಲ್ಲ. ಅದು ಹೊಸ್ತಿಲಿನ ತಪ್ಪಲ್ಲ, ಮೂಳೆಯದು ಅಂತ ನಿನ್ನ ಪುಸ್ತಕದ ಮಾತು ಓದಿದ ದಿನ ಗೊತ್ತಾಯಿತು. ಆದ್ದರಿಂದ ನೀನು ಬರೆದ ಯಾವ ಮಾತೂ ಹೊಸದಲ್ಲ ಕಡ್ಡಿ, ನಮ್ಮ ಮನೆಯದ್ದೇ.

ರಜೆಗೆ ಬಂದಾಗ ನಿನ್ನನ್ನೂ ಕರೆತರಲು ಡಾಕ್ಟರ್ ಹೇಳಿದ್ದಾರೆ. ಅಲ್ಲಿಯವರೆಗೆ ತಡವಾದರೂ ಬರಿ, ಬಂದರೂ ಬರಿ. ಮುಂದೆ ಎಂದಾದರೂ ನಿನಗೆ ನಿಂತರೆ, ಏನು ನಿಂತಿದೆ, ಪೂರ್ತಿ ಬರಿ. ನಮ್ಮ ಮನೆಯಲ್ಲಿ ಅರ್ಧ ಮಾತು ಅರ್ಥವಾಗುವವರು ಯಾರೂ ಇಲ್ಲ.

ಅಮ್ಮ


ನವೆಂಬರ್ ೧೪

ಅಮ್ಮ,

ನಿನ್ನ ಕಾಗದವನ್ನು ವರಾಂಡದಲ್ಲಿ ನಿಂತು ಓದುತ್ತಿದ್ದೆ. "ಬಾಯ್ಲರ್" ಅನ್ನುವ ಪದ ಬಂತು. ತಲೆ ಎತ್ತಿದರೆ ಎದುರಿಗೆ ಫ್ಯಾನಿನ ಕೆಳಗೆ ಕುಕ್ಕರ್. ಸ್ವೆಟರಿನ ಒಂದು ತೋಳು ಹಾಕಿಕೊಂಡು, ಇನ್ನೊಂದು ಹಾಕಲೋ ಬೇಡವೋ ಅಂತ ಕೂತಿದ್ದಳು. ಆ ಹೆಸರಿಟ್ಟವಳು ನಾನೇ ಅಂತ ನಿನಗೆ ಹೇಳಿರಲಿಲ್ಲ, ಅಲ್ಲವಾ?

ಮೊನ್ನೆ ಭಾನುವಾರ ನಾನು ಸ್ಪೀಕರಿನಲ್ಲಿ, ಹನ್ನೊಂದು ಹುಡುಗಿಯರ ಮುಂದೆ, "ಅಮ್ಮ, ಜೆಲ್ ಹಚ್ಚಿಕೊಂಡ್ಯಾ? ಬಿಸಿ ಕಮ್ಮಿ ಆಯ್ತಾ?" ಅಂತ ಕೇಳಿದ್ದು ಸುಮ್ಮನೆ ಅಲ್ಲ, ಅವಳ ಕಿವಿಗೂ ಬೀಳಲಿ ಅಂತ. ಆದರೂ ನಾಲಿಗೆ ತೊದಲಿತು. ಸಂಜೆ ಕುಕ್ಕರ್ ನನ್ನನ್ನು ರೂಮಿಗೆ ಕರೆಸಿದಳು. ಬಾಗಿಲು ಹಾಕಿದಳು, ಕಿಟಕಿ ತೆಗೆದಳು.

"ನಿಮ್ಮಮ್ಮ ಯಾವ ಡಾಕ್ಟರಿಗೆ ತೋರಿಸ್ತಿರೋದು? ನಂಗಲ್ಲ. ನನ್ ತಂಗಿಗೆ."

ಅವಳಿಗೆ ತಂಗಿಯೇ ಇಲ್ಲ. ಕಹಳೆಗೆ ಗೊತ್ತಿಲ್ಲದ ಸುದ್ದಿ ಈ ಕಟ್ಟಡದಲ್ಲಿಲ್ಲ. ಐದು ತಿಂಗಳಿಂದ ನನ್ನ ಎಂಟು ನಿಮಿಷಕ್ಕೆ ಕಿವಿಯಿಟ್ಟು ಕೂತವಳು ಈ ಕುಕ್ಕರ್. "ವಾಕಿಂಗ್ ಮಾಡೋಕೆ ಹೇಳಿ ಮ್ಯಾಮ್, ಟೆನ್ಷನ್ ಬೇಡ ಅನ್ನಿ" ಅನ್ನುವ ಮಾತು ಬಾಯಿ ತುದಿಗೆ ಬಂದಿತ್ತು, ಅಮ್ಮ. ಎಷ್ಟು ರುಚಿಯಾಗಿತ್ತು ಗೊತ್ತಾ!

ನುಂಗಿದೆ. ವಿಳಾಸ ಬರೆದುಕೊಟ್ಟೆ. ಒಂದು ಒಗ್ಗದಿದ್ದರೆ ಇನ್ನೊಂದಿದೆ, ಮಧ್ಯದಲ್ಲಿ ಬಿಡಬಾರದು ಅಂತ ತಂಗಿಗೆ ಹೇಳಲು ಹೇಳಿದೆ. ಅವಳು ಚೀಟಿಯನ್ನು ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡಳು. ಥ್ಯಾಂಕ್ಸ್ ಅನ್ನಲಿಲ್ಲ. "ಕೂದ್ಲು ಕಟ್ಕೋ, ಇದೇನ್ ಅವತಾರ" ಅಂದಳು.

ಇನ್ನೊಂದು ವಿಷಯ. ನವೆಂಬರ್ ಹನ್ನೊಂದು, ಬೆಳಿಗ್ಗೆ, ಕ್ಲಾಸಿಗೆ ಹೊರಡುವಾಗ, ಎರಡು ತಿಂಗಳು ತಡವಾಗಿ ಬಂತು. ಏನು ಬಂತು ಅಂತ ಪೂರ್ತಿ ಬರೆಯುತ್ತೇನೆ, ಇಲ್ಲದಿದ್ದರೆ ನೀನು ಪಾರ್ಸೆಲ್ ಅಂದುಕೊಳ್ಳುತ್ತೀಯ.

ಮುಟ್ಟು ಬಂತು.

ಕಡ್ಡಿ